ಎಂಜಲು ಟೆಸ್ಟ್‌ನಲ್ಲಿ ಬ್ರೆಸ್ಟ್ ಕ್ಯಾನ್ಸರ್ ಗೊತ್ತಾಗುತ್ತಾ?

ಇವತ್ತಿನ ಎಪಿಸೋಡ್‌ಗೆ ಕಾರಣ ಒಂದು ವಾಯ್ಸ್ ನೋಟ್. ಕಳಿಸಿದವರಿಗೆ 26 ವರ್ಷ. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳಲ್ಲ.

ಅವರ ದೊಡ್ಡಮ್ಮನಿಗೆ, ಅಂದ್ರೆ ಅಮ್ಮನ ಅಕ್ಕನಿಗೆ, 41ನೇ ವಯಸ್ಸಲ್ಲಿ ಬ್ರೆಸ್ಟ್ ಕ್ಯಾನ್ಸರ್ ಆಗಿತ್ತು. ಚಿಕಿತ್ಸೆ ಆಯ್ತು, ಈಗ ಚೆನ್ನಾಗಿದ್ದಾರೆ. ಈಗ ಇವರ ಅಮ್ಮನಿಗೆ ಎದೆಯಲ್ಲಿ ಒಂದು ಸಣ್ಣ ಗಂಟು ಕೈಗೆ ಸಿಗ್ತಿದೆ. ಡಾಕ್ಟರ್ ಹತ್ರ ಹೋಗೋಣ ಅಂದ್ರೆ ಅಮ್ಮ, "ನೋವೇನೂ ಇಲ್ವಲ್ಲೇ, ಸುಮ್ನಿರು" ಅಂತಾರಂತೆ. ಅದೇ ಹೊತ್ತಿಗೆ ಇವರ ಫೋನಿಗೆ ಒಂದು ಜಾಹೀರಾತು ಬಂದಿದೆ. ಕಿಟ್ ಮನೆಗೇ ಬರುತ್ತೆ, ಟ್ಯೂಬಿಗೆ ಎಂಜಲು ಹಾಕಿ ಕಳಿಸಿದ್ರೆ ಸಾಕು, ಜೀನ್ ರಿಪೋರ್ಟ್ ಮೊಬೈಲಿಗೆ ಬರುತ್ತೆ. ಸೂಜಿ ಇಲ್ಲ, ಸ್ಕ್ಯಾನ್ ಇಲ್ಲ. ಅವರ ಪ್ರಶ್ನೆ ಇದು: "ಅಮ್ಮಂಗೆ ಇದನ್ನೇ ಮಾಡಿಸಿಬಿಡ್ಲಾ? ನಾನೂ ಮಾಡಿಸ್ಕೊಳ್ಲಾ?"

ನಾನು ಓದಿದ್ದು ಬಿ.ಕಾಂ., ಡಾಕ್ಟರ್ ಅಲ್ಲ. ಆದ್ರೂ ಮೊದಲನೇ ಪ್ರಶ್ನೆಗೆ ಉತ್ತರ ಹೇಳೋಕೆ ಡಾಕ್ಟರ್ ಆಗಬೇಕಿಲ್ಲ. ಅಮ್ಮನ ಗಂಟಿಗೆ ಈ ಕಿಟ್ ಬೇಡ. ಈ ವಾರವೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಯಾಕೆ ಅಂತ ಈಗ ಹೇಳ್ತೀನಿ.

ಎಂಜಲಿನಲ್ಲಿ ನಮ್ಮ ಜೀವಕೋಶಗಳಿರ್ತವೆ, ಅದರೊಳಗೆ ಡಿಎನ್‌ಎ ಇರುತ್ತೆ. ಕಿಟ್ ಓದೋದು ಆ ಡಿಎನ್‌ಎಯನ್ನ, ಅಂದ್ರೆ ನೀವು ಹುಟ್ಟುವಾಗಲೇ ಅಪ್ಪ ಅಮ್ಮನಿಂದ ಪಡೆದು ಬಂದಿದ್ದನ್ನ. ಮುಖ್ಯವಾಗಿ ಬಿಆರ್‌ಸಿಎ1, ಬಿಆರ್‌ಸಿಎ2 ಅನ್ನೋ ಎರಡು ಜೀನ್ ನೋಡ್ತಾರೆ. ಇವು ಡಿಎನ್‌ಎ ಹಾಳಾದಾಗ ರಿಪೇರಿ ಮಾಡೋ ಜೀನ್‌ಗಳು. ಇವುಗಳಲ್ಲೇ ದೋಷ ಇದ್ರೆ ರಿಪೇರಿ ಕೆಲಸ ಸರಿಯಾಗಿ ಆಗಲ್ಲ, ಕ್ಯಾನ್ಸರ್ ಬರೋ ಸಾಧ್ಯತೆ ಜಾಸ್ತಿ ಆಗುತ್ತೆ. 1990ರಲ್ಲಿ ಅಮೆರಿಕದ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಇಂಥದ್ದೊಂದು ಜೀನ್ 17ನೇ ಕ್ರೋಮೋಸೋಮ್‌ನಲ್ಲಿದೆ ಅಂತ ತೋರಿಸಿದ್ರು. 1994ರಲ್ಲಿ ಬಿಆರ್‌ಸಿಎ1, ಮರುವರ್ಷ ಬಿಆರ್‌ಸಿಎ2 ಕೈಗೆ ಸಿಕ್ತು. ಈ ದೋಷ ಇರೋ 100 ಹೆಂಗಸರಲ್ಲಿ ಸುಮಾರು 70 ಜನಕ್ಕೆ 80 ವರ್ಷದೊಳಗೆ ಬ್ರೆಸ್ಟ್ ಕ್ಯಾನ್ಸರ್ ಬರಬಹುದು ಅಂತ 2017ರ ಒಂದು ದೊಡ್ಡ ಅಧ್ಯಯನ ಹೇಳುತ್ತೆ.

ಗಮನಿಸಿ, ಬರಬಹುದು. ಇದು ಮುನ್ಸೂಚನೆ ಅಷ್ಟೇ. ಈ ಸಲ ಮುಂಗಾರು ಜೋರು ಅಂತ ಹವಾಮಾನ ಇಲಾಖೆ ಹೇಳಬಹುದು. ಈಗ ನಿಮ್ಮನೆ ಅಂಗಳದಲ್ಲಿ ಮಳೆ ಬರ್ತಿದೆಯಾ ಅಂತ ಗೊತ್ತಾಗಬೇಕಂದ್ರೆ ಬಾಗಿಲು ತೆಗೆದೇ ನೋಡಬೇಕು. ಅಮ್ಮನ ಎದೆಯಲ್ಲಿರೋ ಗಂಟು ಏನು ಅನ್ನೋದು ಎರಡನೇ ಥರದ ಪ್ರಶ್ನೆ. ಎಂಜಲಿನ ರಿಪೋರ್ಟ್ ಹತ್ರ ಅದಕ್ಕೆ ಉತ್ತರವೇ ಇಲ್ಲ.

ಇಲ್ಲೇ ಅಪಾಯ ಇರೋದು. ಬ್ರೆಸ್ಟ್ ಕ್ಯಾನ್ಸರ್ ಆದ 100 ಜನರಲ್ಲಿ ಹೀಗೆ ವಂಶದಿಂದ ಬಂದ ದೋಷ ಕಾರಣ ಆಗಿರೋದು 5ರಿಂದ 10 ಜನರಲ್ಲಿ ಮಾತ್ರ. ಹಾಗಂದ್ರೆ ಕ್ಯಾನ್ಸರ್ ಇರೋ ಹೆಚ್ಚಿನವರಿಗೂ ಈ ಟೆಸ್ಟ್ ನೆಗೆಟಿವ್ ಬರುತ್ತೆ! "ನೆಗೆಟಿವ್ ಬಂತು, ದೇವರು ದೊಡ್ಡವನು" ಅಂತ ಅಮ್ಮ ಆರು ತಿಂಗಳು ಸುಮ್ನೆ ಕೂತ್ರೆ? ಕಿಟ್‌ಗೆ ಕೊಟ್ಟ ದುಡ್ಡು ಹೋಗ್ಲಿ ಬಿಡಿ, ಆ ಆರು ತಿಂಗಳನ್ನ ಯಾರು ವಾಪಸ್ ಕೊಡ್ತಾರೆ?

ಇನ್ನೊಂದು ಮಾತು. ಎಲ್ಲ ಕಿಟ್‌ಗಳೂ ಇಡೀ ಜೀನ್ ಓದಲ್ಲ. 2018ರಲ್ಲಿ ಅಮೆರಿಕದ ಎಫ್‌ಡಿಎ, 23ಆಂಡ್‌ಮಿ ಕಂಪನಿಯ ಎಂಜಲು ಟೆಸ್ಟ್‌ಗೆ ಅನುಮತಿ ಕೊಟ್ಟಾಗ ಅದು ನೋಡ್ತಿದ್ದದ್ದು ಮೂರೇ ಮೂರು ಬದಲಾವಣೆ. ಅವು ಹೆಚ್ಚಾಗಿ ಕಾಣಿಸೋದು ಅಶ್ಕೆನಾಜಿ ಯಹೂದಿಗಳಲ್ಲಿ. ಈ ಎರಡು ಜೀನ್‌ಗಳಲ್ಲಿ ಆಗಬಹುದಾದ ಬದಲಾವಣೆಗಳು ಸಾವಿರಕ್ಕೂ ಮೇಲಿವೆ ಅಂತ ಎಫ್‌ಡಿಎ ಆಗಲೇ ಹೇಳಿತ್ತು. ಅದಕ್ಕೇ ಕಿಟ್ ತಗೊಳ್ಳೋ ಮುಂಚೆ "ಪೂರ್ತಿ ಜೀನ್ ಓದ್ತೀರಾ?" ಅಂತ ಕೇಳಿ.

"ಹಾಗಾದ್ರೆ ರಕ್ತದಲ್ಲೇ ಕ್ಯಾನ್ಸರ್ ಕಂಡುಹಿಡಿಯೋ ಹೊಸ ಟೆಸ್ಟ್ ಬಂದಿದೆಯಲ್ಲ?" ಅಂತ ನೀವು ಕೇಳಬಹುದು. ಹೌದು, ಅದು ಬೇರೆ ಥರ. ಗಡ್ಡೆಯಿಂದ ಉದುರಿದ ಡಿಎನ್‌ಎ ಚೂರುಗಳನ್ನ ರಕ್ತದಲ್ಲಿ ಹುಡುಕ್ತಾರೆ. ಆದ್ರೆ ಗಡ್ಡೆ ಚಿಕ್ಕದಿದ್ದಾಗ ಉದುರೋ ಚೂರೂ ಕಮ್ಮಿ. ಗ್ಯಾಲೆರಿ ಅನ್ನೋ ಪ್ರಸಿದ್ಧ ಟೆಸ್ಟ್ ಬಗ್ಗೆ 2021ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. ಎಲ್ಲ ಬಗೆಯ ಕ್ಯಾನ್ಸರ್ ಸೇರಿಸಿ, ನಾಲ್ಕನೇ ಹಂತದಲ್ಲಿ 100ಕ್ಕೆ 90 ಸಿಕ್ಕಿದೆ, ಮೊದಲನೇ ಹಂತದಲ್ಲಿ ಸಿಕ್ಕಿದ್ದು 100ಕ್ಕೆ ಸುಮಾರು 17. ನಮಗೆ ಬೇಕಾಗಿರೋದೇ ಮೊದಲನೇ ಹಂತ.

ಒಂದು ಸಣ್ಣ ಲೆಕ್ಕ ಮಾಡೋಣ, ಇದು ನನ್ನ ಏರಿಯಾ. ಅಂಕಿಗಳು ಉದಾಹರಣೆಗೆ ಮಾತ್ರ. 1 ಲಕ್ಷ ಹೆಂಗಸರು, ಅವರಲ್ಲಿ 100 ಜನಕ್ಕೆ ಕ್ಯಾನ್ಸರ್ ಇದೆ ಅಂತ ಇಟ್ಕೊಳ್ಳಿ. ಒಂದು ಟೆಸ್ಟ್ 90 ಜನರನ್ನ ಸರಿಯಾಗಿ ಹಿಡಿಯುತ್ತೆ, ಆರೋಗ್ಯವಾಗಿರೋ 100 ಜನರಲ್ಲಿ 5 ಜನಕ್ಕೆ ತಪ್ಪಾಗಿ ಪಾಸಿಟಿವ್ ಅನ್ನುತ್ತೆ. ಉಳಿದ 99,900 ಜನರಲ್ಲಿ ಶೇಕಡಾ 5 ಅಂದ್ರೆ 4,995. ಒಟ್ಟು ಪಾಸಿಟಿವ್ 5,085, ಅದರಲ್ಲಿ ನಿಜವಾದದ್ದು 90. ನೂರಕ್ಕೆ ಎರಡೂ ಇಲ್ಲ! ಜಾಹೀರಾತಲ್ಲಿ "90% ನಿಖರ" ಅಂತ ಕಂಡಾಗ ಈ ಲೆಕ್ಕ ನೆನಪಿರಲಿ.

ಹಾಗಂತ ಬಿಆರ್‌ಸಿಎ ಟೆಸ್ಟ್ ದಂಡ ಅಂತ ನಾನು ಹೇಳ್ತಿಲ್ಲ. ಸರಿಯಾದ ಮನೆಯಲ್ಲಿ, ಸರಿಯಾದವರಿಗೆ ಮಾಡಿಸಿದ್ರೆ ಅದು ಜೀವ ಉಳಿಸುತ್ತೆ. 2013ರಲ್ಲಿ ನಟಿ ಆಂಜಲಿನಾ ಜೋಲಿ, ತನಗೆ ಬಿಆರ್‌ಸಿಎ1 ದೋಷ ಇದೆ, ಅದಕ್ಕೇ ಎರಡೂ ಸ್ತನಗಳ ಆಪರೇಷನ್ ಮಾಡಿಸ್ಕೊಂಡೆ ಅಂತ ಬರೆದಿದ್ದು ನೆನಪಿರಬಹುದು. ಎಲ್ಲರಿಗೂ ಆಪರೇಷನ್ನೇ ಆಗಬೇಕು ಅಂತಿಲ್ಲ. ದೋಷ ಇದೆ ಅಂತ ಗೊತ್ತಾದ್ರೆ 25ನೇ ವಯಸ್ಸಿಂದಲೇ ವರ್ಷಕ್ಕೊಂದು ಎಂಆರ್‌ಐ, 30ರಿಂದ ಜೊತೆಗೆ ಮ್ಯಾಮೊಗ್ರಾಮ್ ಅಂತ ಅಮೆರಿಕದ ತಜ್ಞರ ಮಾರ್ಗಸೂಚಿ ಇದೆ. ಬೇಗ ಪತ್ತೆ ಮಾಡೋದು ಆ ಸ್ಕ್ಯಾನ್. ಯಾರು ಅಷ್ಟು ಬೇಗ ಶುರು ಮಾಡಬೇಕು ಅಂತ ತೋರಿಸೋದು ಜೀನ್ ಟೆಸ್ಟ್.

ಈಗ ಅವರ ಎರಡನೇ ಪ್ರಶ್ನೆ: ನಾನೂ ಮಾಡಿಸ್ಕೊಳ್ಲಾ? ಸಾಧ್ಯ ಇದ್ರೆ ಮೊದಲು ದೊಡ್ಡಮ್ಮನಿಗೆ ಮಾಡಿಸಿ. 41ನೇ ವಯಸ್ಸಿಗೇ ಬಂದಿದ್ದರಿಂದ ಅವರಿಗೆ ಟೆಸ್ಟ್ ಮಾಡಿಸೋದಕ್ಕೆ ಗಟ್ಟಿ ಕಾರಣ ಇದೆ. ಅವರಲ್ಲಿ ದೋಷ ಸಿಕ್ಕಿದ್ರೆ ನಿಮ್ಮಮ್ಮನಲ್ಲೂ ನಿಮ್ಮಲ್ಲೂ ಅದೊಂದನ್ನೇ ಹುಡುಕಬಹುದು. ಆಗ ನಿಮ್ಮ ನೆಗೆಟಿವ್‌ಗೆ ಅರ್ಥ ಇರುತ್ತೆ: ಮನೆಯ ಆ ದೋಷ ನಿಮಗೆ ಬಂದಿಲ್ಲ. ದೊಡ್ಡಮ್ಮನನ್ನ ಬಿಟ್ಟು ನೀವೊಬ್ರೇ ಮಾಡಿಸಿದ್ರೆ, ನೆಗೆಟಿವ್ ಬಂದ್ರೂ ಮನೆಯಲ್ಲಿ ದೋಷವೇ ಇಲ್ವಾ, ಇದ್ದು ನಿಮಗೆ ಬಂದಿಲ್ವಾ, ಟೆಸ್ಟ್‌ಗೆ ಕಾಣದ ಬೇರೇನಾದ್ರೂ ಇದೆಯಾ ಅಂತ ಗೊತ್ತಾಗಲ್ಲ. ಕೆಲವೊಮ್ಮೆ "ಬದಲಾವಣೆ ಇದೆ, ಅರ್ಥ ಖಚಿತ ಇಲ್ಲ" ಅಂತಲೂ ರಿಪೋರ್ಟ್ ಬರುತ್ತೆ. ಅದಕ್ಕೇ ಜೆನೆಟಿಕ್ ಕೌನ್ಸೆಲರ್ ಹತ್ರ ಮಾತಾಡಿ ಮುಂದುವರಿಯಿರಿ.

ಹುಡುಗರೇ, ನೀವೂ ಕೇಳಿ. ಈ ದೋಷ ಅಪ್ಪನ ಕಡೆಯಿಂದಲೂ ಬರುತ್ತೆ, ಮಗನಿಗೂ ಬರುತ್ತೆ. ದೋಷ ಇರೋ ಅಪ್ಪ ಅಥವಾ ಅಮ್ಮನಿಂದ ಪ್ರತಿ ಮಗುವಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ. ಅತ್ತೆ, ಅಜ್ಜಿ, ಚಿಕ್ಕಮ್ಮ, ಯಾರಿಗೆ ಯಾವ ವಯಸ್ಸಲ್ಲಿ ಏನಾಗಿತ್ತು ಅಂತ ಮನೆಯಲ್ಲಿ ಕೇಳಿ ಬರೆದಿಡಿ. ಅಂಡಾಶಯದ ಕ್ಯಾನ್ಸರ್ ಇದ್ರೆ ಅದನ್ನೂ ಬರೀರಿ. ಆ ಪಟ್ಟಿಗೆ ಒಂದು ರೂಪಾಯಿ ಖರ್ಚಿಲ್ಲ.

ಡೇಟಾ ವಿಷಯ ಬಿಡೋ ಹಾಗಿಲ್ಲ. ಆಗಲೇ ಹೇಳಿದ 23ಆಂಡ್‌ಮಿ, 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕ್ತು. ಸುಮಾರು ಒಂದೂವರೆ ಕೋಟಿ ಗ್ರಾಹಕರ ಜೀನ್ ಮಾಹಿತಿ ಮಾರಾಟದ ಆಸ್ತಿಗಳ ಜೊತೆ ಸೇರಿತು. ಪಾಸ್‌ವರ್ಡ್ ಬದಲಾಯಿಸಬಹುದು, ಡಿಎನ್‌ಎ ಬದಲಾಯಿಸೋಕಾಗುತ್ತಾ? ಅದೂ ನಿಮ್ಮೊಬ್ಬರದಲ್ಲ, ನಿಮ್ಮ ಅಕ್ಕತಂಗಿಯರದ್ದೂ ಅದರಲ್ಲಿದೆ. ಒಪ್ಪಿಗೆ ಪತ್ರ ಓದದೆ "ಐ ಅಗ್ರೀ" ಒತ್ತಬೇಡಿ.

ಕೊನೆಗೆ ಅಮ್ಮನ ವಿಷಯ. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಇದನ್ನ ಅವರಿಗೆ ಮೊದಲು ಹೇಳಿ, ಧೈರ್ಯ ಬರುತ್ತೆ. ಆಮೇಲೆ, ನೋವಿಲ್ಲ ಅನ್ನೋದು ಸಮಾಧಾನ ಅಲ್ಲ, ಕ್ಯಾನ್ಸರ್ ಗಂಟು ಎಷ್ಟೋ ಸಲ ನೋಯಲ್ಲ, ಅದನ್ನೂ ಹೇಳಿ. ಡಾಕ್ಟರ್ ಕೈಯಿಂದ ಪರೀಕ್ಷೆ ಮಾಡ್ತಾರೆ, ಮ್ಯಾಮೊಗ್ರಾಮ್ ಅಥವಾ ಅಲ್ಟ್ರಾಸೌಂಡ್ ಮಾಡಿಸ್ತಾರೆ, ಅನುಮಾನ ಬಂದ್ರೆ ಸೂಜಿಯಿಂದ ಚೂರು ತೆಗೆದು ನೋಡ್ತಾರೆ. ಬೆಂಗಳೂರಲ್ಲಿದ್ರೆ ಕಿದ್ವಾಯಿ ಇದೆ, ಊರಲ್ಲಿದ್ರೆ ಜಿಲ್ಲಾಸ್ಪತ್ರೆಯಿಂದ ಶುರು ಮಾಡಿ. ಗಂಟು ಇಲ್ಲದಿದ್ರೂ, 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಸ್ತನ ಪರೀಕ್ಷೆ ಕೇಂದ್ರ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಆಶಾ ಕಾರ್ಯಕರ್ತೆಯನ್ನ ಕೇಳಿ.

ಈ ಎಪಿಸೋಡ್‌ನ ಫ್ಯಾಮಿಲಿ ಗ್ರೂಪಿಗೆ ಹಾಕಿ. ಅಮ್ಮಂದಿರು ನಮ್ಮ ಮಾತು ಕೇಳದಿದ್ರೂ ಫಾರ್ವರ್ಡ್ ಬಂದಿದ್ದನ್ನ ಕೇಳ್ತಾರೆ! ಮತ್ತೆ, ವಾಯ್ಸ್ ನೋಟ್ ಕಳಿಸಿದವರೇ, ಆಸ್ಪತ್ರೆಗೆ ಹೋಗಿ ಬಂದಮೇಲೆ ಒಂದು ಮೆಸೇಜ್ ಹಾಕಿ. ಕಾಯ್ತಿರ್ತೀನಿ. ಮುಂದಿನ ವಾರ ಸಿಗೋಣ.