ಮನೆಮಂದಿಗೆಲ್ಲ ಕರೆ

ನಮ್ಮಲ್ಲಿ ಮದುವೆಗೆ ಕರೆಯುವವರು ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಲಗ್ನಪತ್ರಿಕೆ ಕೊಡುವುದಿಲ್ಲ. ಹಿರಿಯರ ಕೈಗೆ ಒಂದನ್ನಿತ್ತು, “ಮನೆಮಂದಿಯೆಲ್ಲ ಬರಬೇಕು” ಎನ್ನುತ್ತಾರೆ. ಒಂದು ಕರೆಗೆ ಒಂದು ಮನೆಯೇ ಎದ್ದು ಬರುತ್ತದೆ. ಇಂದು ಕೋಟಿಗಟ್ಟಲೆ ಜನರನ್ನು ಹೆಣೆದಿರುವ ಸಾಮಾಜಿಕ ಜಾಲತಾಣಗಳು ಬೆಳೆದ ಬಗೆಯಲ್ಲಿಯೂ ಈ ಹಳೆಯ ಜಾಣ್ಮೆಯೇ ಕಾಣುತ್ತದೆ.

ಫೇಸ್‌ಬುಕ್ಕಿನ ಕಥೆಯನ್ನೇ ತೆಗೆದುಕೊಳ್ಳೋಣ. 2004ರ ಫೆಬ್ರವರಿಯಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಾರ್ಕ್ ಝುಕರ್‌ಬರ್ಗ್ ಮತ್ತು ಅವರ ಸಂಗಡಿಗರು ಅದನ್ನು ತೆರೆದಾಗ, ಆ ವಿಶ್ವವಿದ್ಯಾಲಯದ ಇ-ಮೇಲ್ ವಿಳಾಸವುಳ್ಳವರಿಗಷ್ಟೇ ಪ್ರವೇಶವಿತ್ತು. ಮೇಲುನೋಟಕ್ಕೆ ಇದು ಬಾಗಿಲು ಮುಚ್ಚುವ ಕ್ರಮ. ಆದರೆ ಬೆಳವಣಿಗೆಯ ಗುಟ್ಟು ಅಲ್ಲಿಯೇ ಇತ್ತು. ಸಾವಿರ ಊರುಗಳಿಂದ ಒಬ್ಬೊಬ್ಬರಂತೆ ಸಾವಿರ ಮಂದಿ ಬಂದರೆ ಪ್ರತಿಯೊಬ್ಬರಿಗೂ ಅದು ಬರಿದಾದ ಛತ್ರ. ಒಂದೇ ಕಾಲೇಜಿನ ಸಾವಿರ ಮಂದಿ ಬಂದರೆ ಎಲ್ಲೆಲ್ಲಿಯೂ ಪರಿಚಿತ ಮುಖ. ತರಗತಿಯಲ್ಲಿ, ವಿದ್ಯಾರ್ಥಿನಿಲಯದಲ್ಲಿ ಬೆಳೆದಿದ್ದ ಸ್ನೇಹವನ್ನು ಜಾಲತಾಣವು ಹುಟ್ಟಿಸಬೇಕಾಗಿರಲಿಲ್ಲ. ಅದಕ್ಕೊಂದು ಜಗುಲಿಯನ್ನು ಒದಗಿಸಿದರೆ ಸಾಕಾಗಿತ್ತು. ಅರ್ಧ ತರಗತಿ ಜಗುಲಿಯೇರಿ ಕುಳಿತ ಮೇಲೆ ಉಳಿದರ್ಧಕ್ಕೆ ಬೀದಿಯಲ್ಲಿ ನಿಲ್ಲುವುದು ಕಷ್ಟ. ಮಾರ್ಚಿನಲ್ಲಿ ಕೊಲಂಬಿಯಾ, ಸ್ಟ್ಯಾನ್‌ಫರ್ಡ್, ಯೇಲ್ ವಿಶ್ವವಿದ್ಯಾಲಯಗಳು ಸೇರಿದವು. ವರ್ಷಾಂತ್ಯಕ್ಕೆ ಬಳಕೆದಾರರ ಸಂಖ್ಯೆ 10 ಲಕ್ಷವನ್ನು ಮುಟ್ಟಿತು. 13 ವರ್ಷ ತುಂಬಿದ ಎಲ್ಲರಿಗೂ ಬಾಗಿಲು ತೆರೆದದ್ದು 2006ರ ಸೆಪ್ಟೆಂಬರಿನಲ್ಲಿ.

ಇಲ್ಲಿ ಗಮನಿಸಬೇಕಾದ ಮಾತೊಂದುಂಟು. ಬಳಗವೊಂದು ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ವರ್ಷಗಳಿಂದ ಕೂಡಿಟ್ಟ ನಂಬಿಕೆಯನ್ನು ಹೊತ್ತು ತರುತ್ತದೆ. ಆ ಬಂಡವಾಳ ಬಳಗದ್ದು. ಬಾಗಿಲಿನ ಬೀಗದ ಕೈ ಮಾತ್ರ ಕರೆದವರದು. 2004ರ ಜನವರಿಯಲ್ಲಿ ಗೂಗಲ್ ಸಂಸ್ಥೆ ಆರಂಭಿಸಿದ ಆರ್ಕುಟ್ ತಾಣದಲ್ಲಿ ಇದು ಸ್ಪಷ್ಟವಾಯಿತು. ಮೊದಮೊದಲು ಒಳಗಿದ್ದವರು ಕರೆದರಷ್ಟೇ ಅಲ್ಲಿ ಹೊಸಬರಿಗೆ ಪ್ರವೇಶ. ಬ್ರೆಜಿಲ್ ಮತ್ತು ಭಾರತಗಳಲ್ಲಿ ಅದು ಬಲು ಜನಪ್ರಿಯವಾಯಿತು. ಊರು, ಭಾಷೆ, ಓದಿದ ಶಾಲೆಗಳ ಹೆಸರಿನಲ್ಲಿ ಸಮುದಾಯಗಳು ಕೂಡಿದವು. 2014ರ ಸೆಪ್ಟೆಂಬರ್ 30ರಂದು ಸಂಸ್ಥೆಯು ಆ ತಾಣವನ್ನು ಮುಚ್ಚಿತು. ಹೊರಗೂ ಬೇರು ಬಿಟ್ಟಿದ್ದ ಬಳಗಗಳಿಗೆ ಮತ್ತೊಂದೆಡೆ ಸೇರುವುದು ಸಾಧ್ಯವಿತ್ತು. ಆ ಅಂಗಳವನ್ನಷ್ಟೇ ನೆಚ್ಚಿದ್ದ ಪರಿಚಯಗಳಿಗೆ ಮರಳಿ ಕೂಡುವ ನೆಲೆಯೇ ಇರಲಿಲ್ಲ.

ಆದ್ದರಿಂದ ನಮ್ಮ ಓದುಗರ ಬಳಗವನ್ನೋ ಹಳೆಯ ವಿದ್ಯಾರ್ಥಿಗಳ ಸಂಘವನ್ನೋ ಇಂಥ ತಾಣಗಳಿಗೆ ಕರೆದೊಯ್ಯಬಾರದೆಂದಲ್ಲ. ಹೋಗೋಣ, ಆದರೆ ಸದಸ್ಯರ ವಿಳಾಸಗಳ ಪುಸ್ತಕವನ್ನು ನಮ್ಮ ಬಳಿಯೇ ಇಟ್ಟುಕೊಳ್ಳೋಣ, ಆಗಾಗ ಮುಖತಃ ಕೂಡುವ ರೂಢಿಯನ್ನು ಬಿಡದಿರೋಣ. ಮದುವೆಯ ಚಪ್ಪರ ಎಷ್ಟೇ ಸೊಗಸಾಗಿದ್ದರೂ ಒಂದು ದಿನ ಬಿಚ್ಚಲೇಬೇಕು. ನೆಂಟಸ್ತನ ಉಳಿಯುವುದು, ನೆಂಟರು ಮರಳಿ ಹೋಗುವ ಮನೆಗಳಲ್ಲಿ.