ಕೈಯಲ್ಲಿರುವ ಫೋನಿನ ಆಯುಷ್ಯ ಯಾರ ಕೈಯಲ್ಲಿದೆ?

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)

ಇಂದಿನ ಮಾತಿಗೆ ನಾವು ಆರಿಸಿಕೊಂಡ ವಸ್ತು ನಿಮ್ಮೆಲ್ಲರ ಜೇಬಿನಲ್ಲಿಯೇ ಇದೆ. ಪಾಳಿ ಮುಗಿಸಿ ಬರುವ ಕಾರ್ಮಿಕನಿಗಾಗಲಿ, ಗಲ್ಲಾದ ಮುಂದೆ ಕುಳಿತ ಅಂಗಡಿಕಾರನಿಗಾಗಲಿ ಮೊಬೈಲ್ ಫೋನು ಇಂದು ಶೋಕಿಯ ವಸ್ತುವಲ್ಲ. ಸಂಬಳ ಜಮೆಯಾದ ಸುದ್ದಿ ಬರುವುದು ಅದರಲ್ಲಿ. ಗಿರಾಕಿ ಹಣ ಕೊಡುವುದು ಅದರ ಮೂಲಕ. ಸಗಟು ವ್ಯಾಪಾರಿಗೆ ಸರಕಿನ ಪಟ್ಟಿ ಹೋಗುವುದೂ ಅದರಿಂದಲೇ. ಆದರೆ ನಾಲ್ಕೈದು ವರ್ಷಗಳ ಹಿಂದೆ ಕೊಂಡ ಫೋನು, ಗಾಜು ಒಡೆಯದೆ, ಬ್ಯಾಟರಿ ಕೆಡದೆ ಇದ್ದರೂ, ಒಂದು ದಿನ “ಈ ಆ್ಯಪ್ ಇಲ್ಲಿ ನಡೆಯುವುದಿಲ್ಲ” ಎನ್ನುತ್ತದೆ. ರಿಪೇರಿಯವನನ್ನು ಕೇಳಿದರೆ, “ಸಾಫ್ಟ್‌ವೇರ್ ಹಳೆಯದಾಯಿತು, ಹೊಸ ಫೋನು ತಗೊಳ್ಳಿ” ಎನ್ನುತ್ತಾನೆ.

ಮಗ್ಗದ ಲಾಳಿ ಸವೆದರೆ ಕಣ್ಣಿಗೆ ಕಾಣುತ್ತದೆ. ತಕ್ಕಡಿಯ ಮುಳ್ಳು ಸೋತರೆ ಕೈಗೆ ತಿಳಿಯುತ್ತದೆ. ಆದರೆ ಸಾಫ್ಟ್‌ವೇರ್ ಎಂದರೆ ಬರೆದಿಟ್ಟ ಸೂಚನೆ. ಬರೆದಿಟ್ಟದ್ದು ಸವೆಯುವುದಿಲ್ಲ. ಸವೆಯದ ವಸ್ತು ಮುದಿಯಾಗುವುದು ಹೇಗೆ? ಇದಕ್ಕೆ ಉತ್ತರ ಬೇಕಾದರೆ ಫೋನನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಎಂಬುದನ್ನು ಯಾರು ಕಟ್ಟುತ್ತಾರೆ, ಒಂದೊಂದು ಫೋನಿಗೆ ಅದನ್ನು ಹೇಗೆ ಹೊಂದಿಸುತ್ತಾರೆ ಎಂಬುದನ್ನು ತಿಳಿಯಬೇಕು.

ಮೊದಲು ಅದರ ಕೆಲಸವೇನೆಂದು ನೋಡೋಣ. ಗಿರಣಿಯಲ್ಲಿ ಮಗ್ಗಗಳಿವೆ, ನೂಲಿದೆ, ವಿದ್ಯುತ್ತಿದೆ. ಆದರೆ ಯಾವ ಮಗ್ಗಕ್ಕೆ ಯಾರು, ಯಾವ ನೂಲು, ಎಷ್ಟು ಹೊತ್ತು ಎಂದು ನೋಡಿಕೊಳ್ಳುವ ಜಾಬರ್ ಇಲ್ಲದಿದ್ದರೆ ಬಟ್ಟೆ ಇಳಿಯುವುದಿಲ್ಲ. ಫೋನಿನಲ್ಲಿ ಲೆಕ್ಕ ಮಾಡುವ ಚಿಪ್ ಇದೆ, ಮೆಮೊರಿ ಇದೆ, ಪರದೆ, ಕ್ಯಾಮೆರಾ, ರೇಡಿಯೋ ಇವೆ. ಹತ್ತಾರು ಆ್ಯಪ್‌ಗಳು ಇವನ್ನೆಲ್ಲ ಒಟ್ಟಿಗೆ ಕೇಳುತ್ತವೆ. ಯಾರಿಗೆ ಎಷ್ಟು ಕ್ಷಣ ಚಿಪ್ ಬಿಟ್ಟುಕೊಡಬೇಕು, ಮೆಮೊರಿ ಸಾಲದಾದಾಗ ಯಾವ ಆ್ಯಪನ್ನು ಮುಚ್ಚಬೇಕು ಎಂದು ತೀರ್ಮಾನಿಸುವುದು ಆಪರೇಟಿಂಗ್ ಸಿಸ್ಟಂ. ಕಾವಲಿನ ಕೆಲಸವೂ ಅದರದೇ. ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್ಪಿಗೂ ಬೇರೆ ಬೇರೆ ಗುರುತಿನ ಸಂಖ್ಯೆ ಇರುತ್ತದೆ. ಒಂದರ ಕಡತವನ್ನು ಇನ್ನೊಂದು ತೆರೆಯಲಾರದು. ಒಂದೇ ಮಾರುಕಟ್ಟೆಯ ಮಳಿಗೆಗಳಿಗೆ ಬೇರೆ ಬೇರೆ ಬೀಗ ಇದ್ದ ಹಾಗೆ. ಹಣ ಕಳುಹಿಸುವ ಆ್ಯಪ್ಪಿನ ಗುಟ್ಟನ್ನು ಟಾರ್ಚಿನ ಆ್ಯಪ್ ಕದಿಯದಿರುವುದು ಈ ಬೀಗಗಳಿಂದ.

ಇಂಥ ವ್ಯವಸ್ಥೆಯನ್ನು ಒಬ್ಬ ಧಣಿ ಒಬ್ಬನೇ ಕಟ್ಟಲಿಲ್ಲ. ಆಂಡ್ರಾಯ್ಡ್‌ನ ತಳಪಾಯ ಲಿನಕ್ಸ್ ಎಂಬ ಕರ್ನೆಲ್. ೧೯೯೧ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟಾರ್ವಾಲ್ಡ್ಸ್ ಅದನ್ನು ಆರಂಭಿಸಿದ. ಮುಂದೆ ಲೋಕದ ಸಾವಿರಾರು ಮಂದಿ ಕೈಹಾಕಿ ಬೆಳೆಸಿದರು. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಆದರೆ ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಟ್ಟಾಗ ಅದರ ಮೂಲ ಬರಹವನ್ನೂ ಕೊಡಬೇಕು. ಇದು ಅದರ ಪರವಾನಗಿಯ ಕರಾರು. ೨೦೦೩ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಂಡ್ರಾಯ್ಡ್ ಕಂಪನಿಯನ್ನು ಗೂಗಲ್ ೨೦೦೫ರಲ್ಲಿ ಕೊಂಡಿತು. ಈ ಕರ್ನೆಲ್ಲಿನ ಮೇಲೆ ಕಟ್ಟಿದ ಮೊದಲ ಆಂಡ್ರಾಯ್ಡ್ ಫೋನು ೨೦೦೮ರಲ್ಲಿ ಮಾರಾಟಕ್ಕೆ ಬಂತು. ಆಂಡ್ರಾಯ್ಡ್‌ನ ಮೂಲ ಬರಹವೂ ಬಹುಪಾಲು ಬಹಿರಂಗವೇ. ಆದರೆ ಅದರ ಪರವಾನಗಿ ಸಡಿಲ. ತೆಗೆದುಕೊಂಡವರು ತಾವು ಸೇರಿಸಿದ್ದನ್ನು ಮುಚ್ಚಿಡಬಹುದು. ಇನ್ನು ಗೂಗಲ್‌ನ ಆ್ಯಪ್ ಅಂಗಡಿ, ಭೂಪಟ ಮುಂತಾದವು ಗೂಗಲ್‌ನ ಸ್ವಂತ ಆಸ್ತಿ. ತಳದಲ್ಲಿ ಸಾರ್ವಜನಿಕ ಬಾವಿ, ಮೇಲೆ ಖಾಸಗಿ ರಾಟೆ ಎಂದು ಇದನ್ನು ಹೇಳಬಹುದು.

ಈಗ ಹೊಂದಿಸುವ ಕೆಲಸಕ್ಕೆ ಬರೋಣ. ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲಿ.

ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಬಹಳಷ್ಟು ಭಾಗಗಳು “ನಾನು ಇಂಥವನು” ಎಂದು ತಾವೇ ಹೇಳಿಕೊಳ್ಳುತ್ತವೆ. ಫೋನಿನ ಚಿಪ್ಪಿನೊಳಗಿನ ಭಾಗಗಳಲ್ಲಿ ಹೆಚ್ಚಿನವು ಹಾಗೆ ಹೇಳಿಕೊಳ್ಳುವುದಿಲ್ಲ. ಪರದೆ ಯಾವ ತಂತಿಯಲ್ಲಿದೆ, ಕ್ಯಾಮೆರಾಕ್ಕೆ ಎಷ್ಟು ವೋಲ್ಟು ಬೇಕು, ಶಬ್ದ ತಗ್ಗಿಸುವ ಗುಂಡಿ ಎಲ್ಲಿದೆ ಎಂದು ಮೊದಲೇ ಒಂದು ನಕ್ಷೆ ಬರೆದು ಕರ್ನೆಲ್ಲಿಗೆ ಕೊಡಬೇಕು. ಇದಕ್ಕೆ ಡಿವೈಸ್ ಟ್ರೀ ಎನ್ನುತ್ತಾರೆ. ನಕ್ಷೆ ಇದ್ದರೆ ಸಾಲದು. ಪ್ರತಿ ಭಾಗವನ್ನು ದುಡಿಸಲು ಅದರ ಭಾಷೆ ಬಲ್ಲ ಡ್ರೈವರ್ ಎಂಬ ಬರಹ ಬೇಕು. ಅದನ್ನು ಬರೆಯುವವರು ಹೆಚ್ಚಾಗಿ ಆ ಭಾಗವನ್ನು ಮಾಡಿದವರು, ಅಂದರೆ ಕ್ವಾಲ್ಕಾಮ್, ಮೀಡಿಯಾಟೆಕ್‌ನಂಥ ಚಿಪ್ ಕಂಪನಿಗಳು. ಕರ್ನೆಲ್ಲಿನೊಳಗೆ ಇರುವ ಭಾಗದ ಮೂಲವನ್ನು ಅವರು ಕೊಡಲೇಬೇಕು. ಆದುದರಿಂದ ಕ್ಯಾಮೆರಾ, ಚಿತ್ರ ಬಿಡಿಸುವ ಭಾಗ, ರೇಡಿಯೋ ಇವುಗಳ ಮುಖ್ಯ ಗುಟ್ಟನ್ನು ಕರ್ನೆಲ್ಲಿನ ಹೊರಗೆ ಇಟ್ಟು, ಮೂಲವಿಲ್ಲದೆ ಸಿದ್ಧರೂಪದಲ್ಲಿ ಮಾತ್ರ ಕೊಡುವುದು ವಾಡಿಕೆ.

ಹೊಸ ಆಂಡ್ರಾಯ್ಡ್ ಸಾಗುವ ದಾರಿಯನ್ನು ನೋಡಿ. ಗೂಗಲ್ ಅದನ್ನು ಬಿಡುಗಡೆ ಮಾಡುತ್ತದೆ. ಚಿಪ್ ಕಂಪನಿ ತನ್ನ ಚಿಪ್ಪಿಗೆ ಹೊಂದಿಸುತ್ತದೆ. ಫೋನ್ ಕಂಪನಿ ತನ್ನ ಪರದೆಗೆ, ಕ್ಯಾಮೆರಾಕ್ಕೆ, ಬ್ಯಾಟರಿಗೆ ಹೊಂದಿಸಿ, ತನ್ನ ಬಣ್ಣ ಬಳಿದು, ತನ್ನ ಆ್ಯಪ್‌ಗಳನ್ನು ತುಂಬುತ್ತದೆ. ಆಮೇಲೆ ಲಕ್ಷಗಟ್ಟಲೆ ಸಣ್ಣ ಪರೀಕ್ಷೆಗಳನ್ನು ಯಂತ್ರದಿಂದಲೇ ನಡೆಸಿ, ಎಲ್ಲ ಆ್ಯಪ್‌ಗಳೂ ಸರಿಯಾಗಿ ನಡೆಯುತ್ತವೆಯೇ ಎಂದು ನೋಡುತ್ತಾರೆ. ಕೊನೆಗೆ ಕಂಪನಿಯ ಗುಪ್ತ ಮುದ್ರೆ ಒತ್ತಿ ನಿಮ್ಮ ಫೋನಿಗೆ ಕಳುಹಿಸುತ್ತಾರೆ. ಫೋನು ಎದ್ದೇಳುವಾಗ ಆ ಮುದ್ರೆಯನ್ನು ಪರಿಶೀಲಿಸಿಯೇ ಮುಂದೆ ಹೋಗುತ್ತದೆ.

ಈ ಸರಪಳಿಯಲ್ಲಿ ಒಂದು ಕೊಂಡಿ ಕೈಬಿಟ್ಟರೂ ಅಪ್‌ಡೇಟ್ ನಿಂತುಹೋಯಿತು. ಚಿಪ್ ಕಂಪನಿ “ಆ ಚಿಪ್ ಹಳೆಯದು” ಎಂದರೆ ಫೋನ್ ಕಂಪನಿಯ ಕೈ ಕಟ್ಟಿದಂತೆ. ಫೋನ್ ಕಂಪನಿ ಮನಸ್ಸು ಮಾಡದಿದ್ದರೆ ಚಿಪ್ ಕಂಪನಿ ಮಾಡಿದ ಕೆಲಸ ನಿಮ್ಮನ್ನು ಮುಟ್ಟುವುದಿಲ್ಲ. ಮನಸ್ಸು ಮಾಡದಿರಲು ಕಾರಣವೂ ಸರಳ: ಹೊಸ ಫೋನು ಮಾರಿದರೆ ಲಾಭ, ಮಾರಿದ ಫೋನಿಗೆ ದುಡಿಸಿದ ಇಂಜಿನಿಯರನ ಸಂಬಳ ಬರೀ ಖರ್ಚು. ಕಡಿಮೆ ಬೆಲೆಯ ಫೋನಿನಲ್ಲಿ ಲಾಭವೇ ತೆಳುವು. ಆದುದರಿಂದ ಮೊದಲು ಕೈಬಿಡುವುದು ಬಡವನ ಫೋನನ್ನೇ.

“ಅಪ್‌ಡೇಟ್ ಬಾರದಿದ್ದರೆ ಏನಾಯಿತು?” ಎಂದು ಕೇಳುವವರಿದ್ದಾರೆ. ೨೦೧೫ರಲ್ಲಿ ಆಂಡ್ರಾಯ್ಡ್‌ನ ಸ್ಟೇಜ್‌ಫ್ರೈಟ್ ಎಂಬ ಭಾಗದಲ್ಲಿ ತೂತು ಕಂಡುಬಂತು. ಕೆಟ್ಟ ಬುದ್ಧಿಯಿಂದ ತಯಾರಿಸಿದ ವಿಡಿಯೋ ಸಂದೇಶವೊಂದು ಬಂದರೆ ಸಾಕು, ಹೊರಗಿನವನು ಫೋನಿನೊಳಗೆ ಕಾಲಿಡಬಹುದಾಗಿತ್ತು. ಗೂಗಲ್ ತೇಪೆ ಸಿದ್ಧಪಡಿಸಿತು. ಆ ವರ್ಷದ ಆಗಸ್ಟ್‌ನಿಂದ ಭದ್ರತೆಯ ತೇಪೆಗಳ ಪ್ರಕಟಣೆಯನ್ನೂ ಆರಂಭಿಸಿತು. ಆದರೆ ತೇಪೆ ಜೇಬಿಗೆ ತಲುಪಬೇಕಾದದ್ದು ಅದೇ ಉದ್ದನೆಯ ಸರಪಳಿಯ ಮೂಲಕ. ಎಷ್ಟೋ ಫೋನುಗಳಿಗೆ ಅದು ತಲುಪಲೇ ಇಲ್ಲ. ಫೋನಿನಲ್ಲಿ ಹಾಡು ಕೇಳುವವನಿಗೆ ಇದು ಸಣ್ಣ ವಿಷಯವಾಗಿರಬಹುದು. ದಿನದ ವ್ಯಾಪಾರವೆಲ್ಲ ಅದರಲ್ಲಿಯೇ ನಡೆಸುವವನಿಗೆ ಅಂಗಡಿಯ ಹಿಂಬಾಗಿಲು ತೆರೆದಿಟ್ಟಂತೆ.

ಹಾಗಾದರೆ ಇದು ಬಿಡಿಸಲಾಗದ ಗಂಟೇ? ಅಲ್ಲ. ಇಂಜಿನಿಯರುಗಳು ಇದನ್ನು ಬಹುಮಟ್ಟಿಗೆ ಬಿಡಿಸಿದ್ದಾರೆ. ೨೦೧೬ರ ಆಂಡ್ರಾಯ್ಡ್ ೭ರಲ್ಲಿ, ವ್ಯವಸ್ಥೆಯ ಎರಡು ಪ್ರತಿಗಳನ್ನು ಇಡುವ ಅನುಕೂಲ ಬಂತು. ಹೊಸದು ಏಳದಿದ್ದರೆ ಫೋನು ಹಳೆಯದಕ್ಕೆ ಮರಳುತ್ತದೆ. ೨೦೧೭ರ ಆಂಡ್ರಾಯ್ಡ್ ೮ರಲ್ಲಿ ಟ್ರೆಬಲ್ ಎಂಬ ಯೋಜನೆ ಬಂತು. ಚಿಪ್ಪಿಗೆ ಸೇರಿದ ಬರಹವನ್ನೂ ಎಲ್ಲ ಫೋನಿಗೂ ಸಾಮಾನ್ಯವಾದ ಬರಹವನ್ನೂ ಬೇರೆ ಬೇರೆ ಖಾನೆಯಲ್ಲಿಟ್ಟು, ನಡುವಿನ ಕೊಕ್ಕೆಯ ಅಳತೆಯನ್ನು ಗೊತ್ತುಪಡಿಸಿದರು. ಬಾಬಿನ್ನಿನ ಅಳತೆ ಒಂದೇ ಆದರೆ ಯಾವ ಗಿರಣಿಯ ನೂಲಾದರೂ ಮಗ್ಗಕ್ಕೆ ಕೂರುತ್ತದಲ್ಲವೇ? ಹಾಗೆಯೇ ಕೆಳಗಿನ ಖಾನೆಯನ್ನು ಮುಟ್ಟದೆ ಮೇಲಿನದನ್ನು ಬದಲಿಸುವ ದಾರಿ ತೆರೆಯಿತು. ೨೦೧೯ರ ಆಂಡ್ರಾಯ್ಡ್ ೧೦ರಿಂದ ಕೆಲವು ಭಾಗಗಳಿಗೆ ಫೋನ್ ಕಂಪನಿಯನ್ನು ಕಾಯದೆ ತೇಪೆ ಬರುತ್ತದೆ. ೨೦೨೧ರ ಆಂಡ್ರಾಯ್ಡ್ ೧೨ರ ಹೊತ್ತಿಗೆ ಹೊಸ ಫೋನುಗಳಿಗೆ ಸಾಮಾನ್ಯ ಕರ್ನೆಲ್ ಒಂದನ್ನೇ ಇಟ್ಟು, ಚಿಪ್ಪಿನ ಡ್ರೈವರುಗಳನ್ನು ಅದಕ್ಕೆ ಪ್ರತ್ಯೇಕವಾಗಿ ಜೋಡಿಸುವ ಕ್ರಮ ಆರಂಭವಾಯಿತು.

ಮನಸ್ಸಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿಯೂ ಇದೆ. ನೆದರ್ಲೆಂಡ್ಸ್‌ನ ಫೇರ್‌ಫೋನ್ ಎಂಬ ಸಣ್ಣ ಕಂಪನಿ ೨೦೧೫ರ ಡಿಸೆಂಬರಿನಲ್ಲಿ ತನ್ನ ಎರಡನೆಯ ಫೋನನ್ನು ತಂದಿತು. ಅದರ ಚಿಪ್ಪಿಗೆ ಹೊಸ ಆಂಡ್ರಾಯ್ಡ್ ಹೊಂದಿಸುವುದನ್ನು ಚಿಪ್ ಕಂಪನಿ ಬೇಗನೆ ನಿಲ್ಲಿಸಿತು. ಆದರೂ ಅವರು ಬಿಡಲಿಲ್ಲ. ಲಿನಿಯೇಜ್ ಓಎಸ್ ಎಂಬ ಸ್ವಯಂಸೇವಕರ ಬಳಗ ಮಾಡಿಟ್ಟ ಕೆಲಸವನ್ನು ಆಧಾರವಾಗಿಟ್ಟುಕೊಂಡು, ಆಂಡ್ರಾಯ್ಡ್ ೫ರೊಂದಿಗೆ ಹುಟ್ಟಿದ ಫೋನನ್ನು ೧೦ರ ತನಕ ಮುಟ್ಟಿಸಿ, ೨೦೨೩ರ ಮಾರ್ಚಿಯವರೆಗೆ ತೇಪೆ ಕಳುಹಿಸಿದರು. ಸಣ್ಣ ಕಂಪನಿಗೆ ಆದದ್ದು ದೊಡ್ಡ ಕಂಪನಿಗಳಿಗೆ ಆಗದೇ? ಗೂಗಲ್ ೨೦೨೩ರಲ್ಲಿ, ಸ್ಯಾಮ್‌ಸಂಗ್ ೨೦೨೪ರಲ್ಲಿ, ತಮ್ಮ ದುಬಾರಿ ಫೋನುಗಳಿಗೆ ೭ ವರ್ಷಗಳ ಅಪ್‌ಡೇಟ್ ಕೊಡುವುದಾಗಿ ಮಾತು ಕೊಟ್ಟವು. ಆಗುವ ಕೆಲಸವೆಂದು ಇದರಿಂದ ಸಿದ್ಧವಾಯಿತು. ಅಗ್ಗದ ಫೋನಿಗೆ ಏಕೆ ಆಗಬಾರದು ಎಂಬುದು ಉಳಿದ ಪ್ರಶ್ನೆ.

ಬಹಿರಂಗ ಬರಹಕ್ಕೆ ಇನ್ನೊಂದು ಶಕ್ತಿಯಿದೆ: ಹೆತ್ತವರು ಬಿಟ್ಟರೂ ಅದು ಬದುಕುತ್ತದೆ. ಮೊಜಿಲ್ಲಾ ಸಂಸ್ಥೆ ಫೈರ್‌ಫಾಕ್ಸ್ ಓಎಸ್ ಎಂಬ ಫೋನ್ ವ್ಯವಸ್ಥೆಯನ್ನು ಕಟ್ಟಿ, ವ್ಯಾಪಾರ ಕೈಗೂಡದೆ ೨೦೧೬ರ ಹೊತ್ತಿಗೆ ಕೈಬಿಟ್ಟಿತು. ಮೂಲ ಬರಹ ಬಹಿರಂಗವಾಗಿದ್ದುದರಿಂದ ಇನ್ನೊಬ್ಬರು ಅದನ್ನು ಎತ್ತಿಕೊಂಡು, ಮುಟ್ಟುವ ಪರದೆಯ ಬದಲು ಗುಂಡಿಗಳಿಗೆ ಹೊಂದಿಸಿ, ಕೈಓಎಸ್ ಎಂದು ಹೆಸರಿಟ್ಟರು. ೨೦೧೭ರಲ್ಲಿ ನಮ್ಮ ದೇಶಕ್ಕೆ ಬಂದ ಜಿಯೋಫೋನು, ಕೇವಲ ೫೧೨ ಎಂಬಿ ಮೆಮೊರಿಯಲ್ಲಿ, ನಡೆದದ್ದು ಅದರಿಂದಲೇ.

ಕನ್ನಡದ ಮಾತೂ ಇದರೊಳಗೇ ಬರುತ್ತದೆ. ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದುದು ನಿಮಗೆ ನೆನಪಿರಬಹುದು. ೧೯೯೧ರ ಯೂನಿಕೋಡ್‌ನಲ್ಲಿಯೇ ಕನ್ನಡ ಅಕ್ಷರಗಳಿಗೆ ಸಂಖ್ಯೆ ಗೊತ್ತಾಗಿದ್ದರೂ, ಸಂಖ್ಯೆಯಿಂದ ರೂಪ ಬರುವುದಿಲ್ಲ. “ಶಕ್ತಿ” ಎಂಬ ಮಾತಿನ “ಕ್ತಿ”ಯನ್ನು ನೋಡಿ. ಬರೆದಿಡುವಾಗ ಕ, ಅದರ ಅರ್ಧಚಿಹ್ನೆ, ತ, ಆಮೇಲೆ ಗುಡಿಸು. ತೋರಿಸುವಾಗ ಗುಡಿಸು ಕಕಾರದ ಮೇಲೆ ಕೂರಬೇಕು, ತಕಾರ ಒತ್ತಾಗಿ ಕೆಳಗಿಳಿಯಬೇಕು. ಈ ಜೋಡಣೆ ಬಲ್ಲ ಬರಹ ವ್ಯವಸ್ಥೆಯೊಳಗೇ ಇರಬೇಕು. ಇಂದು ಆಂಡ್ರಾಯ್ಡ್‌ನಲ್ಲಿ ಆ ಕೆಲಸ ಮಾಡುವ ಹಾರ್ಫ್‌ಬಜ್ ಕೂಡ ಬಹಿರಂಗ ಬರಹವೇ. ಒಂದು ಭಾಷೆಗೆ ಅಲ್ಲಿ ಜಾಗ ಸಿಗುವುದೂ ಯಾರೋ ಕುಳಿತು ದುಡಿದಾಗ.

ಇನ್ನು ಕಾನೂನಿನ ಮಾತು. ೨೦೨೨ರ ಅಕ್ಟೋಬರಿನಲ್ಲಿ ಭಾರತದ ಸ್ಪರ್ಧಾ ಆಯೋಗ ಗೂಗಲ್‌ಗೆ ೧,೩೩೭.೭೬ ಕೋಟಿ ರೂಪಾಯಿ ದಂಡ ಹಾಕಿತು. ತನ್ನ ಆ್ಯಪ್‌ಗಳನ್ನೆಲ್ಲ ಒಟ್ಟಾಗಿ ತುಂಬಲೇಬೇಕೆಂದೂ, ಆಂಡ್ರಾಯ್ಡ್‌ನ ಬೇರೆ ರೂಪಗಳ ಫೋನು ಮಾಡಕೂಡದೆಂದೂ ಫೋನ್ ಕಂಪನಿಗಳಿಗೆ ಕರಾರು ಹಾಕಿದ್ದು ಅದಕ್ಕೆ ಕಾರಣ. ೨೦೨೩ರ ಮಾರ್ಚಿಯಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆಯೋಗದ ಕೆಲವು ನಿರ್ದೇಶನಗಳನ್ನು ತೆಗೆದುಹಾಕಿತಾದರೂ ದಂಡವನ್ನು ಎತ್ತಿಹಿಡಿಯಿತು. ಯುರೋಪಿನ ಒಕ್ಕೂಟದಲ್ಲಿ ೨೦೨೫ರ ಜೂನ್ ೨೦ರಿಂದ ಹೊಸ ನಿಯಮ ಜಾರಿಗೆ ಬಂತು. ಒಂದು ಮಾದರಿಯನ್ನು ಮಾರುಕಟ್ಟೆಗೆ ಬಿಡುವುದು ನಿಂತ ಮೇಲೂ ಕನಿಷ್ಠ ೫ ವರ್ಷ ಅದರ ಅಪ್‌ಡೇಟ್‌ಗಳು ಉಚಿತವಾಗಿ ದೊರೆಯಬೇಕು. ೭ ವರ್ಷ ಬಿಡಿಭಾಗ ಸಿಗಬೇಕು. ನಮ್ಮ ಕೇಂದ್ರ ಸರ್ಕಾರ ೨೦೨೨ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಒಂದು ಮಾಹಿತಿ ತಾಣ ತೆರೆಯಿತು. ಮಾಹಿತಿ ಒಳ್ಳೆಯದೇ, ಆದರೆ ಮಾಹಿತಿಯೇ ಹಕ್ಕಲ್ಲ.

ಆದುದರಿಂದ, ಮಿತ್ರರೇ, ನಾವು ಮಾಡಬೇಕಾದದ್ದೇನು? ಫೋನು ಕೊಳ್ಳುವಾಗ ಕ್ಯಾಮೆರಾ ಎಷ್ಟು ಎಂದು ಕೇಳುವ ಮೊದಲು, ಭದ್ರತೆಯ ಅಪ್‌ಡೇಟ್ ಯಾವ ವರ್ಷದವರೆಗೆ ಎಂದು ಕೇಳಿರಿ. ಈಗ ಇರುವ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕೊನೆಯ ಭದ್ರತಾ ತೇಪೆಯ ತಾರೀಖು ಬರೆದಿರುತ್ತದೆ. ಇಂದು ರಾತ್ರಿಯೇ ನೋಡಿರಿ. ಅದು ವರ್ಷಗಳಷ್ಟು ಹಳೆಯದಾಗಿದ್ದರೆ ಆ ಫೋನಿನಲ್ಲಿ ಮಾತನಾಡಿರಿ, ಹಾಡು ಕೇಳಿರಿ. ಅಂಗಡಿಯ ಹಣ ಮಾತ್ರ ಅದರಲ್ಲಿ ಇಡಬೇಡಿರಿ. ಅಪ್‌ಡೇಟ್ ಎಂದು ಯಾರೋ ಕಳುಹಿಸಿದ ಕೊಂಡಿಯನ್ನು ಒತ್ತಬೇಡಿರಿ. ನಿಜವಾದದ್ದು ಸೆಟ್ಟಿಂಗ್ಸ್‌ನೊಳಗೇ ಬರುತ್ತದೆ.

ಇವು ಒಬ್ಬೊಬ್ಬರೇ ಮಾಡುವ ಕೆಲಸಗಳು. ಒಟ್ಟಾಗಿ ಕೇಳಬೇಕಾದದ್ದು ಬೇರೆ ಇದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಗರಿಷ್ಠ ಬೆಲೆ ಅಚ್ಚಾಗಿರುತ್ತದೆ. ಔಷಧಿಯ ಮೇಲೆ ಅವಧಿ ಮುಗಿಯುವ ತಾರೀಖು ಅಚ್ಚಾಗಿರುತ್ತದೆ. ತಿಂಗಳ ಸಂಬಳ ಸುರಿದು ಕೊಳ್ಳುವ ಫೋನಿನ ಡಬ್ಬಿಯ ಮೇಲೆ, ಅಪ್‌ಡೇಟ್ ನಿಲ್ಲುವ ತಾರೀಖು, ಕನ್ನಡದಲ್ಲಿ, ಏಕೆ ಅಚ್ಚಾಗಬಾರದು? ಆ ತಾರೀಖು ಕಳೆದ ಮೇಲೆ, ಮುಚ್ಚಿಟ್ಟ ಡ್ರೈವರುಗಳ ಮೂಲವನ್ನು ಬೇರೆಯವರು ಮುಂದುವರಿಸುವಂತೆ ಏಕೆ ಬಿಟ್ಟುಕೊಡಬಾರದು? ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಈ ಎರಡು ಬೇಡಿಕೆಗಳನ್ನು ತಮ್ಮ ಮುಂದಿನ ಸಭೆಯಲ್ಲಿಯೇ ಠರಾವು ಮಾಡಿ ಸರ್ಕಾರಕ್ಕೆ ಕಳುಹಿಸಲಿ. ಫೋನಿನ ಹಣ ಕೊಟ್ಟವರು ನಾವು. ಅದರ ಆಯುಷ್ಯವೆಷ್ಟೆಂದು ಮೊದಲೇ ತಿಳಿಯುವ ಅಧಿಕಾರವೂ ನಮ್ಮದೇ.