ಹೊಲಕ್ಕೆ ಬೆಲೆ ಬಂದದ್ದು ಯಾರಿಂದ?
(ಗಿರಣಿ ಕೇರಿಯ ಸಭೆಯಲ್ಲಿ ಮಾಡಿದ ಭಾಷಣ)



ಸಾಹುಕಾರನ ಹೆಸರೆತ್ತಿದರೆ ಬಯ್ದು ಮುಗಿಸುವುದು ನಮ್ಮ ಸಭೆಗಳ ವಾಡಿಕೆ. ಇಂದು ಹಾಗೆ ಮಾಡದೆ ಕೆ. ಪಿ. ಸಿಂಗರ ಬಾಳನ್ನು ನೋಡೋಣ.

ಅವರು ಉತ್ತರ ಪ್ರದೇಶದ ಬುಲಂದಶಹರದ ಕಡೆಯವರು. ಸೈನ್ಯದ ಡೆಕ್ಕನ್ ಹಾರ್ಸ್ ದಳದಲ್ಲಿ ಅಧಿಕಾರಿಯಾಗಿದ್ದರು. ಸಮವಸ್ತ್ರ ಕಳಚಿ ಮಾವನ ವ್ಯವಹಾರಕ್ಕೆ ಬಂದರು. ಮಾವ ರಾಘವೇಂದ್ರ ಸಿಂಗ್ 1946ರಲ್ಲಿ ಡಿ.ಎಲ್.ಎಫ್. ಕಂಪನಿ ತೆರೆದು ದಿಲ್ಲಿಯಲ್ಲಿ ಬಡಾವಣೆಗಳನ್ನು ಮಾಡಿದವರು. 1957ರ ಕಾನೂನು ಆ ಕೆಲಸವನ್ನು ಸರ್ಕಾರಿ ಪ್ರಾಧಿಕಾರಕ್ಕೆ ವಹಿಸಿತು. ಮುಂದೆ ಅಳಿಯನ ಕಣ್ಣು ಗಡಿಯಾಚೆಯ ಗುಡಗಾಂವ್ ಮೇಲೆ, ಅಂದರೆ ಈಗಿನ ಗುರುಗ್ರಾಮದ ಮೇಲೆ, ಬಿತ್ತು.

ಅಂಗಡಿಕಾರ ಮಿತ್ರರು ಇಲ್ಲಿ ಕಿವಿಗೊಡಬೇಕು. ಸುಮಾರು 3,500 ಎಕರೆ ಕೊಂಡೆ, ಅರ್ಧಕ್ಕಿಂತ ಹೆಚ್ಚು ಉದ್ದರಿ, ಎಂದು ಅವರೇ ಹೇಳಿಕೊಂಡಿದ್ದಾರೆ! ನಮಗೋ ನೂರು ರೂಪಾಯಿ ಉದ್ದರಿ ಹುಟ್ಟುವುದಿಲ್ಲ. ರೈತರ ಮನೆಗಳಲ್ಲಿ ಕೂತು, ಕಷ್ಟಸುಖ ಕೇಳಿ ನಂಬಿಕೆ ಗಳಿಸಿದರಂತೆ. ಆ ಶ್ರಮವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೆಲೆ ಏರಿದ್ದು ಜಾಣ್ಮೆಯೊಂದರಿಂದಲೆ? ಹರಿಯಾಣದ 1975ರ ಕಾನೂನಿನಂತೆ ಸರ್ಕಾರ ಪರವಾನಗಿ ಕೊಟ್ಟ ಮೇಲಲ್ಲವೆ ಹೊಲ ನಿವೇಶನವಾದದ್ದು? ಆ ಏರಿಕೆಯಲ್ಲಿ ಉತ್ತವನ ಪಾಲೆಷ್ಟು, ಗಾರೆ ಹೊತ್ತವಳ ಪಾಲೆಷ್ಟು?

2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಮರುವರ್ಷ, ಮನೆಗೆ ಹಣ ಕಟ್ಟಿದವರ ಸಂಘವೊಂದು ಕರಾರು ಏಕಪಕ್ಷೀಯವೆಂದು ಕೊಟ್ಟಿದ್ದ ದೂರಿನ ಮೇಲೆ, ಸ್ಪರ್ಧಾ ಆಯೋಗ ಆ ಕಂಪನಿಗೆ 630 ಕೋಟಿ ರೂಪಾಯಿ ದಂಡ ಹಾಕಿತು. ಗಮನಿಸಿ, ಒಬ್ಬೊಬ್ಬರೇ ಹೋಗಿ ಕೈಮುಗಿದವರಲ್ಲ ಅವರು.

ನಮ್ಮ ಕೇರಿಯ ಬಾಡಿಗೆದಾರರ ಸಂಘದ ಚೀಟಿಗಳು ಈ ಮೇಜಿನ ಮೇಲಿವೆ. ಹೋಗುವಾಗ ಹೆಸರು ಬರೆಸಿರಿ.